ಮೀನಿನ ಮೈಗೆ ರೊಟ್ಟಿಯ ಹೊದಿಕೆ



ಕಲಬುರಗಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ತೊಗರಿಬೇಳೆ, ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಮತ್ತು ಬೇಸಗೆಯ ಬಿರುಬಿಸಿಲು. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು. ಈ ಸಾಲಿನಲ್ಲಿ ಮೀನಿಗೆ ಸ್ಥಳವಿಲ್ಲ. ಮೀನೆಂದರೆ ಮಂಗಳೂರು, ಮಲ್ಪೆ, ಕಾರವಾರ. ಅದು ಕಡಲ ಕಡೆಯವರ ಊಟ, ಬಯಲುಸೀಮೆಯವರದಲ್ಲ ಎಂದು ನಾವು ತೀರ್ಮಾನಿಸಿಕೊಂಡು ಬಹಳ ಕಾಲವಾಯಿತು. ಇನ್ನು ಬ್ರೆಡ್ಡಿನ ಪುಡಿಯನ್ನು ಹೊದಿಸಿ ಗರಿಗರಿಯಾಗಿ ಕರಿದ ಮೀನಂತೂ ದೊಡ್ಡ ಹೋಟೆಲುಗಳ ಪದಾರ್ಥ, ಇಲ್ಲವೆ ಹೆಪ್ಪುಗಟ್ಟಿಸಿ ಪೊಟ್ಟಣದಲ್ಲಿ ಮಾರುವ ಪದಾರ್ಥ. ಮನೆಯಲ್ಲಿ ಆಗುವಂಥದಲ್ಲ ಎಂಬ ಭಾವನೆ ಬಲವಾಗಿದೆ.

ಈ ಎರಡು ನಂಬಿಕೆಗಳನ್ನೂ ಸ್ವಲ್ಪ ಪರಿಶೀಲಿಸಿ ನೋಡಬೇಕೆಂಬುದೇ ನನ್ನ ಇಂದಿನ ಮಾತಿನ ಉದ್ದೇಶ. ಮೀನು ಈ ನೆಲಕ್ಕೆ ಪರಕೀಯವಲ್ಲ. ಅದಕ್ಕೆ ಹಿಟ್ಟು ಹೊದಿಸಿ ಕರಿಯುವ ವಿದ್ಯೆಯೂ ಪರಕೀಯವಲ್ಲ. ಅದಕ್ಕೆ ಬೇಕಾದ ಸಾಮಗ್ರಿಯಂತೂ ನಮ್ಮ ರೊಟ್ಟಿಯ ಬುಟ್ಟಿಯಲ್ಲಿಯೇ ಕುಳಿತಿದೆ.

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯನ್ನು ಹಿಡಿದು ಹೊರಟರೆ ಸುಮಾರು 35 ಕಿಲೋಮೀಟರಿಗೆ ಕಮಲಾಪುರ ಸಿಗುತ್ತದೆ. ಅದಕ್ಕೂ ಮೊದಲು ಕುರಿಕೋಟೆಯ ಸೇತುವೆಯ ಮೇಲೆ ನಾವು ಬೆಣ್ಣೆತೊರೆಯನ್ನು ದಾಟುತ್ತೇವೆ. ಎಂಥ ಸೊಗಸಾದ ಹೆಸರು! ಈ ತೊರೆ ಮುಂದೆ ಕಾಗಿಣಾ ನದಿಯನ್ನು ಸೇರುತ್ತದೆ. ನೃಪತುಂಗನ ಮಳಖೇಡದ ಕೋಟೆಯಿರುವುದು ಆ ಕಾಗಿಣಾ ದಂಡೆಯ ಮೇಲೆ. ಕಾಗಿಣಾ ಹೋಗಿ ಭೀಮೆಯನ್ನು ಕೂಡುತ್ತದೆ. ನಮ್ಮದು ಮಳೆ ಕಡಿಮೆಯ ನಾಡು ನಿಜ. ಆದರೆ ಹೊಳೆಯಿಲ್ಲದ ನಾಡಲ್ಲ. ಹೊಳೆಯಿದ್ದಲ್ಲಿ ಮೀನುಂಟು, ಮೀನಿದ್ದಲ್ಲಿ ಅದನ್ನು ಹಿಡಿಯುವ ಕುಲವುಂಟು, ಅದನ್ನು ಬೇಯಿಸುವ ಒಲೆಯುಂಟು.

ಅದೇ ಹೆದ್ದಾರಿಯಲ್ಲಿ ಕಮಲಾಪುರವನ್ನು ಬಿಟ್ಟು ಮುಂದುವರಿದು, ಹುಮನಾಬಾದಿನಿಂದ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ. 2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದದ್ದು ಈ ಊರಿನ ನೆನಪಿನಿಂದಲೇ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂಬ ಬಿರುದಿನವನು, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಅದರ ಕಾಲ ಸುಮಾರು 1129. ರಾಜನೀತಿ, ಸಂಗೀತ, ಚಿತ್ರಕಲೆ, ಆನೆ ಕುದುರೆಗಳ ಲಕ್ಷಣ ಇವುಗಳ ಜೊತೆಗೆ ಆ ಗ್ರಂಥದಲ್ಲಿ ಅನ್ನಭೋಗವೆಂಬ ಪ್ರಕರಣವೊಂದಿದೆ; ಮೀನು ಹಿಡಿಯುವ ವಿನೋದವನ್ನು ಹೇಳುವ ಭಾಗವೂ ಇದೆ. ಅಲ್ಲಿ ಮೀನಿನ ಪಾಕದ ಒಂದು ಕ್ರಮ ಹೀಗೆ: ಮೀನನ್ನು ತುಂಡರಿಸಿ ಚೆನ್ನಾಗಿ ತೊಳೆಯುವುದು, ಹುಣಸೆಯ ರಸದೊಡನೆ ಬೇಯಿಸುವುದು, ಮೇಲೆ ಗೋಧಿಹಿಟ್ಟನ್ನು ಧಾರಾಳವಾಗಿ ಉದುರಿಸುವುದು, ಕಾದ ಎಣ್ಣೆಯಲ್ಲಿ ಕಂದುಬಣ್ಣ ಬರುವ ತನಕ ಕರಿಯುವುದು, ಸೈಂಧವ ಲವಣ, ಏಲಕ್ಕಿ, ಕಾಳುಮೆಣಸಿನ ಪುಡಿಗಳನ್ನು ಬೆರೆಸುವುದು. ಮೆಣಸಿನಕಾಯಿ ಆಗಿನ್ನೂ ಈ ದೇಶಕ್ಕೆ ಬಂದಿರಲಿಲ್ಲ. ಅದೊಂದನ್ನು ಬಿಟ್ಟರೆ, ಹಿಟ್ಟು ಹೊದಿಸಿ ಗರಿಗರಿಯಾಗಿ ಕರಿದ ಮೀನು ನಮ್ಮ ಸೀಮೆಯಲ್ಲಿ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ ಬರಹಕ್ಕೆ ಬಂದಿತ್ತು ಎಂದಾಯಿತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಕಲ್ಯಾಣದಲ್ಲಿ, ಈ ದೊರೆಯ ಕಾಲವಾಗಿ ಕೆಲವೇ ದಶಕಗಳೊಳಗೆ, ಬಸವಾದಿ ಶರಣರ ಚಳವಳಿ ನಡೆಯಿತು. ಮಾಂಸಾಹಾರವನ್ನು ತೊರೆದ ದೊಡ್ಡ ಸಮುದಾಯವೊಂದು ಅಲ್ಲಿಂದ ಬೆಳೆದು ಬಂದಿತು. ಅದೇ ಶರಣಗಣದಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನೂ ಇದ್ದ. ಭೀಮೆಯ ದಂಡೆಯ ಕಬ್ಬಲಿಗರು, ಬಲೆ ಬೀಸಿ ಬದುಕುವವರು, ಇಂದಿಗೂ ಅವನನ್ನು ತಮ್ಮ ಹಿರಿಯನೆಂದು ಪೂಜಿಸುತ್ತಾರೆ. ಹೀಗಾಗಿ ಮೀನನ್ನು ಬಣ್ಣಿಸಿದ ಅರಮನೆಯ ಪಾಕಶಾಲೆ, ಅದನ್ನು ಮುಟ್ಟದ ಶರಣರ ಅಡುಗೆಮನೆ, ಅದನ್ನೇ ನಂಬಿದ ಅಂಬಿಗರ ಗುಡಿಸಲು ಈ ಮೂರೂ ನಮ್ಮ ಪರಂಪರೆಗೆ ಸೇರಿದವು. ಒಂದನ್ನು ಹೊಗಳುವುದಕ್ಕಾಗಿ ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಈಗ ಒಲೆಯ ಬಳಿಗೆ ಬರೋಣ. ಮೊದಲ ಪ್ರಶ್ನೆ, ಯಾವ ಮೀನು?

ಇಂದು ನಮ್ಮ ಕೆರೆ ಜಲಾಶಯಗಳಲ್ಲಿ ಹೆಚ್ಚಾಗಿ ಬೆಳೆಸುವ ರೋಹು, ಕಾಟ್ಲಾ, ಮೃಗಾಲಗಳು ಮೂಲತಃ ಉತ್ತರದ ಗಂಗೆಯ ಬಯಲಿನವು. ಇವು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವುವೇ ಹೊರತು ನಿಂತ ನೀರಿನಲ್ಲಿ ಅಲ್ಲ. 1957ರ ಜುಲೈ 10ರಂದು ಕಟಕಿನಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ, ಗ್ರಂಥಿಸ್ರಾವದ ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳಿಗೆ ಕೊಳದಲ್ಲಿಯೇ ಮರಿ ಮಾಡಿಸಿದರು. ಆ ದಿನವನ್ನು ಈಗಲೂ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಬಯಲುಸೀಮೆಯ ಕೆರೆಗಳಿಗೆ ಮೀನುಮರಿಗಳನ್ನು ಧಾರಾಳವಾಗಿ ಬಿಡಲು ಸಾಧ್ಯವಾದದ್ದು ಆ ಸಾಧನೆಯಿಂದ. ಈ ಮೀನುಗಳು ರುಚಿಯಲ್ಲಿ ಒಳ್ಳೆಯವು. ಸಾರಿಗಂತೂ ಬಹಳ ಒಳ್ಳೆಯವು. ಆದರೆ ಇವುಗಳ ತಿರುಳಿನೊಳಗೆ ಕವಲೊಡೆದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಬಯಲುಸೀಮೆಯ ಮಕ್ಕಳು ಮೀನೆಂದರೆ ಹೆದರುವುದಕ್ಕೆ, ಮುದುಕರು ಅದನ್ನು ಬಿಟ್ಟುಬಿಡುವುದಕ್ಕೆ ಈ ಮುಳ್ಳೇ ಮುಖ್ಯ ಕಾರಣ.

ಹೊದಿಕೆ ಹಾಕಿ ಕರಿಯುವಾಗ ಮುಳ್ಳು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಈ ಕ್ರಮಕ್ಕೆ ಮುಳ್ಳು ಕಡಿಮೆಯಿರುವ ಮೀನೇ ಯೋಗ್ಯ. ದಖ್ಖನ್ನಿನ ಮಾರುಕಟ್ಟೆಗಳಲ್ಲಿ ಮರಲ್ ಎಂದೂ, ತೆಲುಗರಲ್ಲಿ ಕೊರಮೀನು ಎಂದೂ ಕರೆಯುವ ಮೀನು ಇದಕ್ಕೆ ಮೇಲು. ಅದರ ತಿರುಳು ಬಿಗಿ, ಮುಳ್ಳು ವಿರಳ. ಅದು ಗಾಳಿಯನ್ನು ಉಸಿರಾಡಬಲ್ಲ ಮೀನಾದ್ದರಿಂದ ಸ್ವಲ್ಪವೇ ನೀರಿರುವ ತೊಟ್ಟಿಯಲ್ಲಿ ಜೀವಂತವಾಗಿ ಮಾರಾಟಕ್ಕೆ ಬರುತ್ತದೆ. ನಾಲ್ವತ್ತು ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ, ಕಡಲಿನಿಂದ ದೂರವಿರುವ ಊರಿನಲ್ಲಿ, ಇದಕ್ಕಿಂತ ಹೆಚ್ಚಿನ ತಾಜಾತನದ ಪ್ರಮಾಣಪತ್ರ ಬೇಕಿಲ್ಲ. ಮರಲ್ ದುಬಾರಿಯೆನಿಸಿದರೆ ಜಿಲೇಬಿ ಮೀನು ಆದೀತು. ಅದಕ್ಕೂ ತಿರುಳಿನೊಳಗೆ ಸಣ್ಣ ಮುಳ್ಳಿನ ಕಾಟವಿಲ್ಲ. ರೋಹುವೇ ಸಿಕ್ಕಿತೆನ್ನಿ, ಅದಕ್ಕೊಂದು ಉಪಾಯವಿದೆ. ಮೀನನ್ನು ಹಬೆಯಲ್ಲಿ ಬೇಯಿಸಿ, ತಿರುಳನ್ನು ಬೆರಳಿನಿಂದ ಎಳೆಎಳೆಯಾಗಿ ಬಿಡಿಸಿ ಮುಳ್ಳನ್ನು ಆರಿಸಿ ತೆಗೆಯಿರಿ. ಬೇಯಿಸಿದ ಆಲೂಗಡ್ಡೆಯೊಡನೆ ಕಲಸಿ ಬಿಲ್ಲೆ ತಟ್ಟಿ, ಅದಕ್ಕೆ ಹೊದಿಕೆ ಹಾಕಿ ಕರಿಯಿರಿ. ಮನೆಯ ಚಿಕ್ಕವರಿಗೂ ಹಿರಿಯರಿಗೂ ಅದೇ ನಿರಪಾಯ.

ಸಿಹಿನೀರಿನ ಮೀನಿನ ಮೇಲೆ ಇನ್ನೊಂದು ದೂರು ಉಂಟು: ಅದು ಕೆಸರಿನ ವಾಸನೆ ಹೊಡೆಯುತ್ತದೆ ಎಂಬುದು. ದೂರು ನಿಜ. ಆದರೆ ಆ ವಾಸನೆಯ ಮೂಲವನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನೀರಿನ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ದ್ರವ್ಯ ಅದಕ್ಕೆ ಮುಖ್ಯ ಕಾರಣ. ಮೃಗಶಿರಾ ಮಳೆಯ ಮೊದಲ ಹನಿಗೆ ನಮ್ಮ ಕರಿಮಣ್ಣಿನ ಹೊಲದಿಂದ ಏಳುವ ಕಂಪಿನಲ್ಲಿರುವುದೂ ಇದೇ. ಹೊಲದಲ್ಲಿ ನಾವು ಮೂಗರಳಿಸಿ ಸವಿಯುವ ಗಂಧ ತಟ್ಟೆಯಲ್ಲಿ ಮೂಗು ಮುರಿಯುವಂತೆ ಮಾಡುತ್ತದೆ! ಜಿಯೋಸ್ಮಿನ್ ಹುಳಿಯನ್ನು ತಾಳಲಾರದು. ಹುಳಿಯಲ್ಲಿ ಅದು ಒಡೆದು ವಾಸನೆಯನ್ನು ಕಳೆದುಕೊಳ್ಳುತ್ತದೆ. ಸೋಮೇಶ್ವರನ ಬಾಣಸಿಗರು ಹುಣಸೆಯ ರಸವನ್ನು ಬಳಸಿದ್ದರ ಮರ್ಮ ಈಗ ತಿಳಿಯಿತಷ್ಟೆ. ಕಾರಣವನ್ನು ವಿಜ್ಞಾನ ಹೇಳುವುದಕ್ಕೆ ಎಷ್ಟೋ ಮುಂಚೆ ನಾಲಗೆ ಅದನ್ನು ಕಂಡುಕೊಂಡಿತ್ತು.

ಇನ್ನು ಹೊದಿಕೆಯ ವಿಚಾರ. ಬ್ರೆಡ್ಡು ನಮ್ಮಲ್ಲಿ ಬಹುಕಾಲ ಜ್ವರ ಬಂದವರ ಆಹಾರವಾಗಿತ್ತು. ಜ್ವರ ಬಿಟ್ಟ ಮೇಲೆ ಉಳಿದ ನಾಲ್ಕು ಹೋಳುಗಳು ಒಣಗಿ ಹೋಗುತ್ತಿದ್ದುವು. ಆ ಒಣಗಿದ ಹೋಳೇ ಇಲ್ಲಿ ಬೇಕಾದದ್ದು. ಪೋರ್ಚುಗೀಸರು ರೊಟ್ಟಿಗೆ ಹೇಳುತ್ತಿದ್ದ ಮಾತಿನಿಂದ ನಮ್ಮ ‘ಪಾವ್’ ಬಂದಿತು. ಅದೇ ಮಾತು ಜಪಾನಿಗೆ ಹೋಗಿ ‘ಪಾನ್’ ಆಯಿತು, ಅದರ ಪುಡಿ ‘ಪಾನ್‌ಕೊ’ ಆಯಿತು. ಇಂದು ದೊಡ್ಡ ಅಂಗಡಿಗಳಲ್ಲಿ ಬೆಲೆಬಾಳುವ ಪೊಟ್ಟಣದೊಳಗೆ ಕೂತಿರುವ ಪಾನ್‌ಕೊ, ನಮ್ಮ ಬೇಕರಿಯ ಪಾವಿಗೆ ಮಾತಿನ ನಂಟಿನಿಂದ ಅಣ್ಣತಮ್ಮನೇ ಆಗಬೇಕು. 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದ ಕಲಬುರಗಿಗೆ ಬೇಕರಿಯ ಪರಿಚಯ ಹಳೆಯದು. ಪರದೇಶದ ಪೊಟ್ಟಣಕ್ಕೆ ಕಾಯಬೇಕಾದ ಅಗತ್ಯವಿಲ್ಲ.

ಬ್ರೆಡ್ಡಿನ ಪುಡಿ ಗರಿಗರಿಯಾಗುವುದೇಕೆ? ಅದು ಒಮ್ಮೆ ಬೆಂದ ಹಿಟ್ಟು. ಒಳಗೆಲ್ಲ ಗಾಳಿಯ ಕಣ್ಣುಗಳು. ಚೆನ್ನಾಗಿ ಒಣಗಿಸಿದರೆ ನೀರಿನ ಪಸೆಯಿಲ್ಲ. ಕಾದ ಎಣ್ಣೆಯಲ್ಲಿ ಅದು ಬೇಗ ಕೆಂಪಗಾಗಿ ಗಟ್ಟಿಯಾಗುತ್ತದೆ. ಹಸಿಯ ರವೆಯನ್ನು ಹೊದಿಸುವ ಮಂಗಳೂರಿನ ಕ್ರಮಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ: ರವೆಯ ಗರಿ ಕಲ್ಲುಸಕ್ಕರೆಯಂತೆ ಕಟುಂ ಎನ್ನುತ್ತದೆ, ಬ್ರೆಡ್ಡಿನ ಗರಿ ಸಂಡಿಗೆಯಂತೆ ಹಗುರಾಗಿ ಮುರಿಯುತ್ತದೆ.

ಒಮ್ಮೆ ಬೆಂದು ಒಣಗಿದ ಹಿಟ್ಟೇ ಬೇಕೆಂದಾದರೆ, ನಮ್ಮ ಮನೆಗಳ ಖಡಕ್ ರೊಟ್ಟಿ ಮತ್ತೇನು? ಬಿಳಿಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಯಲ್ಲಿ ಕಟಕಟನೆ ಒಣಗಿಸಿಟ್ಟ ರೊಟ್ಟಿ! ಅದನ್ನು ಒರಳಿನಲ್ಲಿ ರವೆಯ ಗಾತ್ರಕ್ಕೆ ಕುಟ್ಟಿದರೆ ಹೊದಿಕೆಗೆ ಹೇಳಿ ಮಾಡಿಸಿದ ತರಿ ದೊರೆಯುತ್ತದೆ. ಅದು ಬ್ರೆಡ್ಡಿನಷ್ಟು ಉಬ್ಬಿದ ಪದಾರ್ಥವಲ್ಲ. ಆದ್ದರಿಂದ ತೆಳುವಾಗಿ ಹೊದಿಸಬೇಕು, ಅಂಗೈಯಿಂದ ಒತ್ತಿ ಕೂರಿಸಬೇಕು. ಜೋಳದ ಸುಟ್ಟ ಕಂಪು ಮೀನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಅರ್ಧ ಬ್ರೆಡ್ಡು, ಅರ್ಧ ರೊಟ್ಟಿ ಬೆರೆಸಿದರೆ ಹಗುರತನ ಒಂದರಿಂದ, ಕಂಪು ಇನ್ನೊಂದರಿಂದ ಬರುತ್ತದೆ.

ನಾಲ್ವರಿಗೆ ಸಾಕಾಗುವಷ್ಟು ಪ್ರಮಾಣವನ್ನು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಮುಳ್ಳು ತೆಗೆದ ಮೀನು ಅರ್ಧ ಕಿಲೋ. ಅರ್ಧ ಇಂಚಿಗಿಂತ ದಪ್ಪವಾಗದಂತೆ, ಎಲ್ಲವೂ ಒಂದೇ ಅಳತೆಯಾಗುವಂತೆ ಹೋಳು ಮಾಡಿಸಿರಿ. ಉಪ್ಪು, ಅರಿಸಿನ ತಿಕ್ಕಿ ತೊಳೆಯಿರಿ. ನಿಂಬೆಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ನೀರಿನಲ್ಲಿ ಕಿವುಚಿದ ತಿಳಿಯಲ್ಲಿ ಹತ್ತು ನಿಮಿಷ ಬಿಡಿರಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚು ಹೊತ್ತು ಹುಳಿಯಲ್ಲಿದ್ದರೆ ತಿರುಳು ಬಿಳಿಚಿ ಗಡುಸಾಗುತ್ತದೆ. ಬಳಿಕ ಹೊರತೆಗೆದು ಒಣಬಟ್ಟೆಯಿಂದ ಒತ್ತಿ ಒರೆಸಿರಿ. ಒಂದು ಚಮಚ ಬಳ್ಳೊಳ್ಳಿ ಮತ್ತು ಶುಂಠಿಯ ಅರಪು, ಒಂದು ಚಮಚ ಖಾರಪುಡಿ, ಅರ್ಧ ಚಮಚ ಜೀರಿಗೆಯ ಪುಡಿ, ರುಚಿಗೆ ಉಪ್ಪು ಸವರಿ ಕಾಲು ಗಂಟೆ ಇಡಿರಿ. ಉಪ್ಪು ಮೀನಿನ ನೀರನ್ನು ಹೊರಗೆಳೆಯುತ್ತದೆ. ಆ ನೀರನ್ನು ಮತ್ತೆ ಒತ್ತಿ ತೆಗೆಯಿರಿ. ಈ ಎರಡನೆಯ ಸಲದ ಒರೆಸುವಿಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊದಿಕೆ ಕಳಚಿ ಬೀಳುವುದು ಹೆಚ್ಚಾಗಿ ಇದರಿಂದಲೇ.

ಮೂರು ತಟ್ಟೆಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಮೂರು ಚಮಚ ಮೈದಾ ಅಥವಾ ಜೋಳದ ಹಿಟ್ಟು. ಎರಡನೆಯದರಲ್ಲಿ ಚೆನ್ನಾಗಿ ಕಡೆದ ಎರಡು ಕೋಳಿಮೊಟ್ಟೆ, ನಮ್ಮ ಕಡೆಯ ಮಾತಿನಲ್ಲಿ ತತ್ತಿ. ಮೂರನೆಯದರಲ್ಲಿ ಎರಡು ಬಟ್ಟಲು ತರಿ. ಒಣ ಹಿಟ್ಟು ಉಳಿದ ಪಸೆಯನ್ನು ಹೀರುತ್ತದೆ; ತತ್ತಿ ಆ ಹಿಟ್ಟಿಗೆ ಅಂಟಿಕೊಂಡು, ಬಿಸಿಗೆ ಗಟ್ಟಿಯಾಗಿ, ತರಿಯನ್ನು ಹಿಡಿದಿಡುತ್ತದೆ; ತರಿ ಎಲ್ಲವನ್ನೂ ಕಾಯುತ್ತದೆ. ಈ ಕ್ರಮ ತಪ್ಪಬಾರದು. ತತ್ತಿಯನ್ನು ಒಂದು ಕೈಯಿಂದಲೂ ಒಣ ಪುಡಿಗಳನ್ನು ಇನ್ನೊಂದು ಕೈಯಿಂದಲೂ ಮುಟ್ಟಿದರೆ ಬೆರಳುಗಳಿಗೇ ಹೊದಿಕೆಯಾಗುವುದು ತಪ್ಪುತ್ತದೆ. ಹೊದಿಸಿದ ಹೋಳುಗಳನ್ನು ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಪದರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಬಾಣಲೆಯಲ್ಲಿ ಒಂದೂವರೆ ಇಂಚು ಆಳಕ್ಕೆ ಶೇಂಗಾ ಎಣ್ಣೆ ಕಾಯಲಿ. ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಮನೆಯಲ್ಲಿ ಉಷ್ಣಮಾಪಕವಿಲ್ಲದವರು ಒಂದು ಚಿಟಿಕೆ ತರಿಯನ್ನು ಹಾಕಿ ನೋಡಲಿ: ಅದು ತುಸು ಮುಳುಗಿ, ಸಣ್ಣ ಗುಳ್ಳೆಗಳೊಡನೆ ತಟ್ಟನೆ ಮೇಲೆದ್ದರೆ ಕಾವು ಸರಿ; ತಳದಲ್ಲಿಯೇ ಕೂತರೆ ಸಾಲದು; ಬಿದ್ದೊಡನೆ ಕಪ್ಪಾದರೆ ಮಿತಿಮೀರಿತು. ಸರಿಯಾದ ಕಾವಿನಲ್ಲಿ ಮೀನಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ. ಆ ಆವಿಯೇ ಎಣ್ಣೆಯನ್ನು ಒಳಗೆ ಬಿಡದೆ ತಡೆಯುತ್ತದೆ. ಕಾವು ಇಳಿದರೆ ಆವಿಯ ಒತ್ತಡ ತಗ್ಗಿ ಎಣ್ಣೆ ಒಳಗೆ ಸೇರುತ್ತದೆ. ಎಣ್ಣೆ ಉಳಿಸಬೇಕೆಂದು ಉರಿ ತಗ್ಗಿಸುವವರು ಎಣ್ಣೆಯನ್ನು ಹೆಚ್ಚು ತಿನ್ನುತ್ತಾರೆಂಬುದು ಇದರಿಂದ ಸ್ಪಷ್ಟ. ಒಂದು ಸಲಕ್ಕೆ ಮೂರು ನಾಲ್ಕು ಹೋಳು ಮಾತ್ರ. ಒಟ್ಟಿಗೆ ತುಂಬಿದರೆ ಎಣ್ಣೆ ತಣಿಯುತ್ತದೆ. ಮೂರು ನಾಲ್ಕು ನಿಮಿಷ, ನಡುವೆ ಒಮ್ಮೆ ಮಾತ್ರ ಮಗುಚುವುದು. ರೊಟ್ಟಿಯ ತರಿ ಬೇಗ ಕೆಂಪಾಗುವುದರಿಂದ ಅದಕ್ಕೆ ಉರಿ ತುಸು ಕಡಿಮೆ ಇರಲಿ. ತೆಗೆದ ಹೋಳುಗಳನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿರಿ. ಒಂದರ ಮೇಲೊಂದು ಪೇರಿಸಿ ಮುಚ್ಚಳ ಹಾಕಿದರೆ, ತನ್ನ ಹಬೆಯಲ್ಲಿ ತಾನೇ ನೆನೆದು ಗರಿಯೆಲ್ಲ ಅಳಿದು ಹೋಗುತ್ತದೆ.

ಬಡಿಸುವಾಗ ನಿಂಬೆಯ ಹೋಳು, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಪುಂಡಿಪಲ್ಯ ಜೊತೆಗಿದ್ದರೆ ಬೇರೆ ಯಾವ ಬಾಟಲಿಯ ರಸವೂ ಬೇಡ. ಊಟದ ಕೊನೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಇದ್ದೇ ಇದೆ.

ಇಷ್ಟೆಲ್ಲ ತೊಂದರೆ ಏಕೆ, ಪೊಟ್ಟಣವೇ ಸಿಗುತ್ತದಲ್ಲ ಎನ್ನುವವರೂ ಉಂಟು. ಇಂಗ್ಲೆಂಡಿನಲ್ಲಿ 1955ರಲ್ಲಿ ಮೀನಿನ ‘ಬೆರಳು’ಗಳನ್ನು ಹೆಪ್ಪುಗಟ್ಟಿಸಿ ಮಾರಲು ತೊಡಗಿದ ಮೇಲೆ ಆ ವ್ಯಾಪಾರ ಲೋಕವನ್ನೆಲ್ಲ ಸುತ್ತಿ ನಮ್ಮ ಅಂಗಡಿಗಳಿಗೂ ಬಂದಿದೆ. ಅದರಿಂದ ಅನುಕೂಲವುಂಟು, ನಿರಾಕರಿಸುವಂತಿಲ್ಲ. ಆದರೆ ಪೊಟ್ಟಣದ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಮೀನೆಷ್ಟು, ಹೊದಿಕೆಯೆಷ್ಟು ಎಂದು ಬರೆದಿದ್ದರೆ ಓದಿ ನೋಡಿರಿ. ಎಷ್ಟೋ ವೇಳೆ ನಾವು ಮೀನಿನ ಬೆಲೆ ಕೊಟ್ಟು ಹಿಟ್ಟನ್ನು ಕೊಳ್ಳುತ್ತಿರುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೆಣ್ಣೆತೊರೆಯಲ್ಲಿ, ಭೀಮೆಯಲ್ಲಿ ನಸುಕಿಗೆ ಬಲೆ ಎಳೆದವನ ದುಡಿಮೆ ಅಂದಂದಿಗೆ ಮಾರಾಟವಾಗಬೇಕು. ನಮ್ಮ ಬಿಸಿಲಿನಲ್ಲಿ ಮೀನು ಮರುದಿನಕ್ಕೆ ಕಾಯುವುದಿಲ್ಲ. ನಮ್ಮ ಹೊಳೆಯ ಮೀನನ್ನು ಮುಳ್ಳಿನದೆಂದೂ ಕೆಸರಿನದೆಂದೂ ದೂರಿ, ದೂರದಿಂದ ಬಂದ ಪೊಟ್ಟಣವನ್ನು ಮೆಚ್ಚುವ ಮನೆ, ತನಗೆ ತಿಳಿಯದಂತೆಯೇ ಆ ದುಡಿಮೆಯ ಬೆಲೆಯನ್ನು ಇಳಿಸುತ್ತದೆ. ಮುಳ್ಳಿಗೂ ಕೆಸರಿಗೂ ಉಪಾಯವಿದೆಯೆಂದು ತಿಳಿದ ಮೇಲೆ ಹಾಗೆ ಮಾಡಲು ಕಾರಣವಿಲ್ಲ.

ಮೀನು ಮುಟ್ಟದ ಕೇಳುಗರು ನಮ್ಮ ಸೀಮೆಯಲ್ಲಿ ಬಹಳ ಮಂದಿ. ಅವರನ್ನು ಬಿಟ್ಟು ಮಾತು ಮುಗಿಸಲಾರೆ. ಬಾಳೆಕಾಯಿಯನ್ನು ಅರೆಬೇಯಿಸಿ ಸಿಪ್ಪೆ ತೆಗೆದು ಉದ್ದುದ್ದ ಹೋಳು ಮಾಡಿರಿ. ತತ್ತಿಯ ಬದಲು ಕಡಲೆಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಅದರಲ್ಲಿ ಅದ್ದಿ, ಇದೇ ಖಡಕ್ ರೊಟ್ಟಿಯ ತರಿಯನ್ನು ಹೊದಿಸಿ ಕರಿಯಿರಿ. ಗರಿ ಅದೇ, ಕಂಪು ಅದೇ. ಎರಡು ಬಗೆಯ ಅತಿಥಿಗಳು ಒಂದೇ ದಿನ ಮನೆಗೆ ಬಂದರೆ ಬಾಣಲೆ ಬೇರೆ ಇರಲಿ, ಎಣ್ಣೆ ಬೇರೆ ಇರಲಿ, ತಟ್ಟೆ ಬೇರೆ ಇರಲಿ. ಅದು ಅವರವರ ಆಚಾರಕ್ಕೆ ನಾವು ತೋರುವ ಗೌರವ. ಮೀನು ತಿನ್ನುವವರಿಗೆ ಮನೆ ಬಾಡಿಗೆಗೆ ಇಲ್ಲ ಎನ್ನುವ ಮಾತು ನಗರದ ಓಣಿಗಳಲ್ಲಿ ಕೇಳಿಬರುತ್ತದೆ. ಮೀನು ತಿನ್ನದವರನ್ನು ಹಂಗಿಸುವ ಮಾತೂ ಕೇಳಿಬರುತ್ತದೆ. ಎರಡೂ ಕಲ್ಯಾಣದ ಹೆಸರು ಹೊತ್ತ ನಾಡಿಗೆ ಸಲ್ಲುವ ಮಾತುಗಳಲ್ಲ. ಬಾಣಲೆ ಎರಡಾದರೂ ತರಿ ಕುಟ್ಟುವ ಒರಳು ಒಂದೇ, ತರಿಗೆ ಬೇಕಾದ ರೊಟ್ಟಿಯೂ ಒಂದೇ ಬುಟ್ಟಿಯದು.